ಹಾಸನ ಸೀಮೆಯ ಜೋಡೆತ್ತಿನ ಗಾಡಿಯೋಟ: ಒಡೆಯನೇ ಸಾರಥಿಯಾದ ಪಂದ್ಯದ ವಿಮರ್ಶೆ

ಕುಮಾರವ್ಯಾಸನ ಕರ್ಣಪರ್ವವನ್ನು ಓದಿದವರಿಗೆಲ್ಲ ಒಂದು ಸನ್ನಿವೇಶ ನೆನಪಿನಲ್ಲಿ ನಿಂತಿರುತ್ತದೆ. ಅಸ್ತ್ರದ ಗುರಿಯನ್ನು ತಿದ್ದಿಕೊಳ್ಳಬೇಕೆಂದು ಶಲ್ಯನು ಸಲಹೆ ಮಾಡುತ್ತಾನೆ. ಒಮ್ಮೆ ತೊಟ್ಟುದನ್ನು ಬದಲಿಸುವವನು ತಾನಲ್ಲವೆಂದು ಕರ್ಣನು ನಿರಾಕರಿಸುತ್ತಾನೆ. ಶಲ್ಯನು ಮುನಿದು ರಥದಿಂದ ಇಳಿದುಹೋಗುತ್ತಾನೆ. ಮುಂದೆ ಚಕ್ರವು ನೆಲದಲ್ಲಿ ಹೂತಾಗ ಕರ್ಣನ ಪಕ್ಕದಲ್ಲಿ ಸಾರಥಿಯಿಲ್ಲ. ಈ ಸನ್ನಿವೇಶದ ನೈತಿಕ ಸ್ವಾರಸ್ಯವನ್ನು ನಮ್ಮ ವಿಮರ್ಶಕರು ಸಾಕಷ್ಟು ಚರ್ಚಿಸಿದ್ದಾರೆ. ಪ್ರಕೃತ ನಾವು ಗಮನಿಸಬೇಕೆಂದಿರುವುದು ಅದರ ಸರಳವಾದ ಒಂದಂಶವನ್ನು. ರಥವು ಒಬ್ಬನದು, ಕುದುರೆಯ ವಾಘೆಯು ಇನ್ನೊಬ್ಬನ ಕೈಯಲ್ಲಿ. ಶಲ್ಯನಷ್ಟು ಸಮರ್ಥನಾದ ಸಾರಥಿ ಕೌರವ ಪಕ್ಷದಲ್ಲಿರಲಿಲ್ಲ; ಆದರೂ ಆ ರಥದ ಸೋಲಿನಲ್ಲಿ ಅವನದೆಂಬುದೇನೂ ಇರಲಿಲ್ಲವಾದ್ದರಿಂದ ಇಳಿದುಹೋಗುವುದು ಅವನಿಗೆ ಸಾಧ್ಯವಾಯಿತು.

ಒಡೆತನವೂ ಸಾರಥ್ಯವೂ ಒಬ್ಬನಲ್ಲೇ ಕೂಡಿದಾಗ ಏನಾಗುತ್ತದೆ? ಕೂಡಿದ್ದು ಬೇರೆಯಾದಾಗ ಏನು ನಷ್ಟವಾಗುತ್ತದೆ? ಈ ಪ್ರಶ್ನೆಯನ್ನು ಕಾವ್ಯದಿಂದ ಹೊರಗೆ ತಂದು, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ರೈತರಿಗೆ ಚಿರಪರಿಚಿತವಾದ ಜೋಡೆತ್ತಿನ ಗಾಡಿಯೋಟದಲ್ಲಿಟ್ಟು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಸಾಹಿತ್ಯ ವಿಭಾಗದ ಸಂಚಿಕೆಯಲ್ಲಿ ಎತ್ತಿನ ಓಟಕ್ಕೆ ಸ್ಥಾನವೇನೆಂದು ಕೆಲವರು ಕೇಳಬಹುದು. ಯಕ್ಷಗಾನ, ಕೋಲಾಟ, ವೀರಗಾಸೆಗಳನ್ನು ವಿಮರ್ಶೆಯ ವಸ್ತುವೆಂದು ಒಪ್ಪಿಕೊಂಡ ನಾವು, ನಿಯಮವುಳ್ಳ, ಪರಂಪರೆಯುಳ್ಳ, ಗುಣದೋಷಗಳನ್ನು ತೂಗಿ ನೋಡುವ ಪ್ರೇಕ್ಷಕ ವರ್ಗವುಳ್ಳ ಇನ್ನೊಂದು ಪ್ರದರ್ಶನವನ್ನು ಹೊರಗಿಡುವುದಕ್ಕೆ ಕಾರಣ ಕಾಣದು. ಕಣದ ಬದಿಯಲ್ಲಿ ನಿಂತ ಮುದುಕರು 'ಎಡದ್ದು ಎಳೆಯುತ್ತೆ, ಬಲದ್ದು ಬರೀ ಜೊತೆಗೆ ಬರುತ್ತೆ' ಎಂದು ಆಡಿಕೊಳ್ಳುವುದು ವಿಮರ್ಶೆಯಲ್ಲದೆ ಮತ್ತೇನು?

೧

ಮೊದಲು ವಸ್ತುವಿನ ಸ್ವರೂಪವನ್ನು ನೋಡೋಣ. ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ, ಬೇಸಾಯದ ಕೆಲಸಕ್ಕೆ ಬಿಡುವು ದೊರೆತ ದಿನಗಳಲ್ಲಿ, ಹಬ್ಬ ಜಾತ್ರೆಗಳ ಸಂದರ್ಭದಲ್ಲಿ ಈ ಓಟಗಳು ನಡೆಯುತ್ತವೆ. ಹಳೆಯ ಮೈಸೂರು ಸೀಮೆಯಲ್ಲಿ ಸಾಮಾನ್ಯವಾಗಿ ನೇರವಾದ ಕಣವನ್ನು ಹಸನು ಮಾಡಿ, ಅದರಲ್ಲಿ ಎರಡು ಸಾಲುಗಳನ್ನು ಬಿಡಿಸಿ, ಜೋಡಿಗೆ ಜೋಡಿಯನ್ನು ಓಡಿಸುತ್ತಾರೆ. ಗೆದ್ದ ಜೋಡಿ ಮುಂದಿನ ಸುತ್ತಿಗೆ ಹೋಗುತ್ತದೆ. ಗಾಡಿ ಹಗುರವಾದದ್ದು. ಎರಡು ಚಕ್ರ, ಅಚ್ಚು, ಮೂಕಿ, ನೊಗ, ನಿಲ್ಲಲು ಅಥವಾ ಕೂರಲು ಒಂದಿಷ್ಟು ಜಾಗ, ಇದಿಷ್ಟೇ. ರಾಸುಗಳು ಬಹುಮಟ್ಟಿಗೆ ಹಳ್ಳಿಕಾರ್ ತಳಿಯವು. ಬೂದುಬಣ್ಣ, ಹಿಂದಕ್ಕೆ ಬಾಗಿ ನೀಳವಾಗಿ ಬೆಳೆದ ಕೊಂಬು, ಬಿಗಿಯಾದ ಮೈಕಟ್ಟು, ಚುರುಕು ನಡೆ. ಇವು ಆ ತಳಿಯ ಲಕ್ಷಣಗಳು.

ಈ ತಳಿಗೂ ಈ ಸೀಮೆಗೂ ಇರುವ ಸಂಬಂಧ ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯು ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಎಂಬ ಹೆಸರು ಪಡೆಯಿತು. ಹಳ್ಳಿಕಾರ್ ಮೂಲದಿಂದ ಬೆಳೆದುಬಂದ ಆ ರಾಸುಗಳು ಮೈಸೂರಿನ ಸೈನ್ಯದ ತೋಪುಗಳನ್ನೂ ಸಾಮಗ್ರಿಗಳನ್ನೂ ಎಳೆದವು. ವೇಗವೂ ದಮ್ಮೂ ಅವುಗಳಲ್ಲಿ ಆಯ್ದು ಬೆಳೆಸಿದ ಗುಣಗಳು. ಅವುಗಳಿಗೆಂದು ಬಿಟ್ಟಿದ್ದ ಅಮೃತಮಹಲ್ ಕಾವಲುಗಳು ಹಾಸನ ಜಿಲ್ಲೆಯಲ್ಲಿಯೂ ಇದ್ದವು. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದಲ್ಲಿ ದನಗಳ ಜಾತ್ರೆ ಕೂಡುತ್ತದೆ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ರಾಮನಾಥಪುರದ ಜಾತ್ರೆ ಷಷ್ಠಿಯ ಕಾಲದ್ದು. ದನದ ಜಾತ್ರೆಗಳಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದನ್ನೂ, ಬಾಯಿ ತೆರೆಸಿ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ವಯಸ್ಸು ನಿರ್ಣಯಿಸುವುದನ್ನೂ ಕಂಡವರಿಗೆ, ರಾಸಿನ ಗುಣಜ್ಞಾನವು ಇಲ್ಲಿ ಎಷ್ಟು ಸೂಕ್ಷ್ಮವಾದ ಶಾಸ್ತ್ರವಾಗಿತ್ತೆಂಬುದು ತಿಳಿದೀತು.

ನಾಲ್ಕು ತಾಲ್ಲೂಕುಗಳ ನೆಲವೂ ಒಂದೇ ಬಗೆಯದಲ್ಲ. ಚನ್ನರಾಯಪಟ್ಟಣದ್ದು ರಾಗಿ ಮತ್ತು ತೆಂಗಿನ ಬಯಲು. ಹೊಳೆನರಸೀಪುರದ್ದು ಹೇಮಾವತಿಯ ಮಗ್ಗುಲಿನ ಗದ್ದೆ. ಅರಕಲಗೂಡಿನದು ಮಲೆನಾಡಿನ ಅಂಚಿಗೆ ತಗುಲಿದ ಹೊಗೆಸೊಪ್ಪಿನ ಸೀಮೆ. ಹಾಸನದ ಸುತ್ತ ಆಲೂಗೆಡ್ಡೆಯ ಹೊಲ. ಎಲ್ಲ ಕಡೆಯೂ ಉಳುವ ಜೋಡಿಯೇ ಓಡುವ ಜೋಡಿಯಾಗಿತ್ತು. ವರ್ಷವಿಡೀ ಆರು ಕಟ್ಟಿದ, ಗೊಬ್ಬರ ಹೊತ್ತ, ಸಂತೆಗೆ ಗಾಡಿ ಎಳೆದ ಎತ್ತುಗಳನ್ನೇ ಮೈ ತೊಳೆದು, ಕೊಂಬು ಹೆರೆದು, ಒಂದು ದಿನ ಕಣಕ್ಕೆ ಇಳಿಸುತ್ತಿದ್ದರು. ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವಾಗ ರಾಸಿನ ಜೊತೆಯಲ್ಲಿ ಅದನ್ನು ಸಾಕಿದವನೂ ಓಡುವುದುಂಟಷ್ಟೆ. ಗಾಡಿಯೋಟವು ಅದೇ ಮನೋಧರ್ಮದ ಇನ್ನೊಂದು ರೂಪ. ಹಣವುಳ್ಳವನ ಪಂದ್ಯವಾಗಿರಲಿಲ್ಲ ಅದು. ಒಂದೇ ಜೋಡಿಯ ಒಡೆಯನ ಪಂದ್ಯವಾಗಿತ್ತು. ಅವನ 'ತಂಡ'ವೆಂದರೆ ಎರಡೆತ್ತು, ತಾನು, ಹುರುಳಿ ಬೇಯಿಸುವ ಮಡದಿ, ಹಗ್ಗ ಹಿಡಿಯುವ ಮಗ ಅಥವಾ ತಮ್ಮ. ಅವನ ಬಂಡವಾಳವೆಂದರೆ ರಾಗಿಹುಲ್ಲಿನ ಬಣವೆ ಮತ್ತು ಸಾಲ ತಂದ ಹಿಂಡಿ, ಬೂಸ.

೨

ಇಂತಹ ಓಟದ ಸೌಂದರ್ಯವೇನು? ಬರಿಯ ವೇಗವೆಂದು ಹೇಳಿದರೆ ಸಾಲದು. ವೇಗವಷ್ಟೇ ಬೇಕಾದರೆ ಒಂಟಿ ಹೋರಿಯನ್ನು ಬಿಟ್ಟು ನೋಡಬಹುದಿತ್ತು. ಇಲ್ಲಿ ಮೂರು ಜೀವಗಳು ಒಂದು ನೊಗದ ನಿಯಮಕ್ಕೆ ಒಳಪಟ್ಟಿವೆ. ಎಡದೆತ್ತು ಬಲದೆತ್ತುಗಳ ಹೆಜ್ಜೆ ಹೊಂದಬೇಕು. ಒಂದು ಮುನ್ನುಗ್ಗಿ ಇನ್ನೊಂದು ಹಿಂದೆ ಬಿದ್ದರೆ ಗಾಡಿ ಸಾಲು ಬಿಡುತ್ತದೆ. ನಡೆಸುವವನು ಹಗ್ಗವನ್ನು ಎಲ್ಲಿ ಸಡಿಲಿಸಬೇಕು, ಎಲ್ಲಿ ಬಿಗಿಹಿಡಿಯಬೇಕು, ಯಾವಾಗ ಕೂಗಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಬಲ್ಲವನಾಗಿರಬೇಕು. ಕಣದ ಹಿರಿಯರು ಮೆಚ್ಚುವುದು ಈ ಹೊಂದಾಣಿಕೆಯನ್ನು. ಗೆದ್ದರೂ ಅಡ್ಡಾದಿಡ್ಡಿ ಹೋದ ಗಾಡಿಯನ್ನು ಅವರು ಹೊಗಳುವುದಿಲ್ಲ; ಸೋತರೂ ನೂಲು ಹಿಡಿದಂತೆ ಹೋದ ಜೋಡಿಯನ್ನು ಸಂಜೆಯವರೆಗೆ ನೆನೆಯುತ್ತಾರೆ.

ಈ ಹೊಂದಾಣಿಕೆ ಕಣದಲ್ಲಿ ಹುಟ್ಟುವುದಲ್ಲ. ಅದು ಕೊಟ್ಟಿಗೆಯಲ್ಲಿ, ಹೊಲದಲ್ಲಿ, ಹೊಳೆಯಲ್ಲಿ ಮೈ ತೊಳೆಯುವಾಗ ಹುಟ್ಟಿದ್ದು. ಯಾವ ಎತ್ತಿಗೆ ಯಾವ ಕಾಲಿನಲ್ಲಿ ಲಾಳ ಸವೆದಿದೆ, ಯಾವುದು ಮೋಡದ ದಿನ ಬೆದರುತ್ತದೆ, ಯಾವುದು ನಿನ್ನೆ ಮೇವು ಬಿಟ್ಟಿತು ಎಂಬುದನ್ನೆಲ್ಲ ಬಲ್ಲವನು ಗಾಡಿಯ ಮೇಲೆ ನಿಂತಾಗ ಅವನ ತೀರ್ಮಾನಗಳು ಬೇರೆಯವರ ತೀರ್ಮಾನಗಳಂತಿರುವುದಿಲ್ಲ. ಸಾಕುವ ಕೈಯೇ ನಡೆಸುವ ಕೈಯಾದಾಗ ಓಟಕ್ಕೆ ಒಂದು ಆಂತರಿಕವಾದ ಕಟ್ಟುಪಾಡು ತಾನಾಗಿ ಬರುತ್ತದೆ. ಮರುದಿನ ಬೆಳಗ್ಗೆ ಅದೇ ಜೋಡಿಯನ್ನು ನೊಗಕ್ಕೆ ಕಟ್ಟಬೇಕಾದವನು ಇಂದು ಅದರ ಬೆನ್ನಿನ ಚರ್ಮ ಸುಲಿಯುವಂತೆ ಬಾರುಕೋಲನ್ನು ಬೀಸಲಾರ.

ಕನ್ನಡದಲ್ಲಿ 'ಗಾಡಿ ಹೊಡೆ', 'ಬಂಡಿ ಹೊಡೆ' ಎಂಬ ಪ್ರಯೋಗಗಳಿವೆ. ನಡೆಸುವುದಕ್ಕೂ ಪೆಟ್ಟು ಕೊಡುವುದಕ್ಕೂ ಒಂದೇ ಧಾತು. ಈ ಎರಡು ಅರ್ಥಗಳು ಒಂದೇ ಮಾತಿನಲ್ಲಿ ಸೇರಿರುವುದು ನಮ್ಮ ವ್ಯವಸಾಯ ಜೀವನದ ಕಠಿಣ ಸತ್ಯವನ್ನು ಮರೆಮಾಚದೆ ಹೇಳುತ್ತದೆ. ಎತ್ತಿನ ಬಾಳು ಎಂದೂ ಪೆಟ್ಟಿಲ್ಲದ ಬಾಳಾಗಿರಲಿಲ್ಲ. ಹಳೆಯ ಕಾಲವನ್ನು ಬಣ್ಣಿಸುವ ಉತ್ಸಾಹದಲ್ಲಿ ಇದನ್ನು ನಾವು ಮರೆಯಬಾರದು. ಆದರೆ 'ಹೊಡೆ' ಎಂಬ ಧಾತುವಿನ ಎರಡು ಅರ್ಥಗಳ ನಡುವೆ ಎಷ್ಟು ಅಂತರವಿರಬೇಕೆಂಬುದನ್ನು ನಿರ್ಣಯಿಸುತ್ತಿದ್ದುದು ಸಾಕಿದವನ ಸಂಬಂಧವೇ ಹೊರತು ಹೊರಗಿನ ನಿಯಮವಲ್ಲ. ಆ ಸಂಬಂಧ ಕಡಿದಾಗ ಎರಡು ಅರ್ಥಗಳೂ ಒಂದಾಗಿಬಿಡುವ ಅಪಾಯವುಂಟು.

೩

ಈಗ ಪರಿಸ್ಥಿತಿ ಬದಲಾಗಿದೆ. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಪೂರ್ಣಗೊಂಡು ನಾಲೆಗಳು ಹರಿದ ಮೇಲೆ ಬೇಸಾಯದ ರೀತಿ ಬದಲಾಯಿತು. ಟಿಲ್ಲರು, ಟ್ರ್ಯಾಕ್ಟರುಗಳು ಬಂದವು. ಉಳುವ ಜೋಡಿಯ ಅಗತ್ಯ ಕುಗ್ಗಿತು. ಕೊಟ್ಟಿಗೆಯಲ್ಲಿ ಹಾಲಿನ ಹಸು ಉಳಿದು ಎತ್ತು ಹೋಯಿತು. ಓಟ ಮಾತ್ರ ನಿಲ್ಲಲಿಲ್ಲ. ಉಳುಮೆಯಿಂದ ಬೇರ್ಪಟ್ಟ ಓಟಕ್ಕೆ ಓಟಕ್ಕಾಗಿಯೇ ಸಾಕಿದ ಜೋಡಿಗಳು ಬಂದವು. ಅವುಗಳಿಗೆ ಬೇರೆ ಮೇವು, ಬೇರೆ ಆಳು, ಬೇರೆ ವಾಹನ. ಬಹುಮಾನಗಳೂ ದೊಡ್ಡವಾದವು; ಬೈಕು, ಚಿನ್ನ, ಕೆಲವೆಡೆ ಉಳುವ ಎತ್ತನ್ನು ಹೊಲದಿಂದ ಹೊರಡಿಸಿದ ಟ್ರ್ಯಾಕ್ಟರೇ ಎತ್ತಿನ ಓಟದ ಬಹುಮಾನವಾಯಿತು. ಗಾಡಿ ನಡೆಸುವ ಕುಶಲಿಗಳು ತಮ್ಮದಲ್ಲದ ಜೋಡಿಯನ್ನು ನಡೆಸುವುದು ರೂಢಿಗೆ ಬಂತು. ಒಂದೇ ಜೋಡಿಯ ಬಡ ಒಡೆಯನು ಇಂತಹ ಕಣದಲ್ಲಿ ಇನ್ನೂ ಅಲ್ಲಲ್ಲಿ ಕಾಣುತ್ತಾನೆ. ಮೊದಲ ಸುತ್ತಿನಲ್ಲಿ ಸೋತು, ಎತ್ತಿನ ಬೆನ್ನು ಸವರುತ್ತ ಹೊರಡುತ್ತಾನೆ.

ಈ ಬದಲಾವಣೆ ನಮ್ಮ ಸೀಮೆಗೆ ಮಾತ್ರ ಸೇರಿದ್ದಲ್ಲ. ತೀರ ಬೇರೆಯಾದ ಒಂದು ಲೋಕದಲ್ಲಿ ನಡೆದದ್ದನ್ನು ಹೋಲಿಕೆಗಾಗಿ ನೋಡಬಹುದು. ಅಮೆರಿಕದಲ್ಲಿ 'ಸ್ಟಾಕ್ ಕಾರ್' ಓಟವೆಂಬುದೊಂದಿದೆ. 'ಸ್ಟಾಕ್ ಕಾರ್' ಎಂದರೆ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ, ದಿನಬಳಕೆಯ ಸಾಮಾನ್ಯ ಕಾರು. ಪಂದ್ಯಕ್ಕೆಂದೇ ಕಟ್ಟಿದ ಯಂತ್ರವಲ್ಲ. ನಾಸ್ಕಾರ್ ಎಂಬ ಸಂಸ್ಥೆ ೧೯೪೮ರಲ್ಲಿ ಸ್ಥಾಪಿತವಾಗಿ, ಮರುವರ್ಷ ಇಂತಹ ಸಾಮಾನ್ಯ ಕಾರುಗಳ ಪಂದ್ಯಾವಳಿಯನ್ನು ಆರಂಭಿಸಿತು. ಉಳುವ ಎತ್ತೇ ಓಡುವ ಎತ್ತಾಗಿದ್ದ ನಮ್ಮ ಕಣದ ತತ್ತ್ವವೂ ಅದೇ. ಅಲ್ಲಿಯೂ ಕಾಲಕ್ರಮದಲ್ಲಿ ಹೆಸರು ಉಳಿದು ವಸ್ತು ಬದಲಾಯಿತು. ಸಾಮಾನ್ಯ ಕಾರಿನ ಆಕಾರವನ್ನಷ್ಟೇ ಹೊತ್ತ, ಪಂದ್ಯಕ್ಕೆಂದೇ ಕಟ್ಟಿದ ಯಂತ್ರಗಳು ಬಂದವು. ಅವುಗಳ ಹಿಂದೆ ದೊಡ್ಡ ಬಂಡವಾಳದ ತಂಡಗಳು ನಿಂತವು.

ಆ ಲೋಕದಲ್ಲಿ ವೆಂಡೆಲ್ ಸ್ಕಾಟ್ ಎಂಬವನ ಚರಿತ್ರೆ ನಮ್ಮ ವಿಚಾರಕ್ಕೆ ತುಂಬ ಹತ್ತಿರವಾದದ್ದು. ವರ್ಜೀನಿಯಾ ಸಂಸ್ಥಾನದ ಡ್ಯಾನ್‌ವಿಲ್ ಊರಿನ ಈ ಕಪ್ಪು ಜನಾಂಗದ ಚಾಲಕ ತನ್ನ ಕಾರಿಗೆ ತಾನೇ ಒಡೆಯ, ತಾನೇ ಚಾಲಕ, ತಾನೇ ರಿಪೇರಿಗಾರ. ಮಕ್ಕಳೇ ಅವನ ಸಹಾಯಕರು. ಇತರರು ಬಳಸಿ ಬಿಟ್ಟ ಕಾರುಗಳನ್ನು ತಿದ್ದಿಕೊಂಡು ಅವನು ಓಡಿಸಿದ. ೧೯೬೩ರ ಡಿಸೆಂಬರ್ ೧ರಂದು ಜಾಕ್ಸನ್‌ವಿಲ್ ಪಂದ್ಯದಲ್ಲಿ ಅವನು ಗೆದ್ದರೂ ಆ ಕ್ಷಣದಲ್ಲಿ ಗೆಲುವನ್ನು ಬಕ್ ಬೇಕರ್ ಎಂಬ ಇನ್ನೊಬ್ಬನಿಗೆ ಘೋಷಿಸಲಾಯಿತು. ಪ್ರೇಕ್ಷಕರು ಚದರಿಹೋದ ಮೇಲೆ ಲೆಕ್ಕ ತಿದ್ದಿ, ಗೆದ್ದವನು ಸ್ಕಾಟನೇ ಎಂದು ಒಪ್ಪಿಕೊಂಡರು. ವರ್ಣಭೇದದ ಆ ಅನ್ಯಾಯ ಪ್ರಸಿದ್ಧವಾದದ್ದು. ಅದರ ಜೊತೆಗೆ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ೪೯೫ ಪಂದ್ಯಗಳಲ್ಲಿ ಭಾಗವಹಿಸಿದ ಸ್ಕಾಟನು ಗೆದ್ದದ್ದು ಅದೊಂದನ್ನೇ. ಕಾರು ಮುರಿದರೆ ಇನ್ನೊಂದನ್ನು ಕೊಳ್ಳುವ ಶಕ್ತಿಯಿಲ್ಲದವನು ಅದನ್ನು ಉಳಿಸಿಕೊಂಡು ಓಡಿಸಬೇಕಾಗುತ್ತದೆ. ಮುಂದಿನ ವಾರದ ಪಂದ್ಯಕ್ಕೂ, ಮನೆಯ ಅನ್ನಕ್ಕೂ ಆ ಕಾರೇ ಗತಿ. ಕಾರು ತನ್ನದಲ್ಲದ, ಸಂಬಳದ ಚಾಲಕನಿಗೆ ಈ ಅಂಜಿಕೆಯಿಲ್ಲ. ೧೯೭೩ರಲ್ಲಿ ಟ್ಯಾಲಡೀಗ ಕಣದ ಅಪಘಾತದಲ್ಲಿ ಸ್ಕಾಟನು ತೀವ್ರವಾಗಿ ಗಾಯಗೊಂಡ ಮೇಲೆ ಅವನ ಓಟದ ಬಾಳು ಬಹುಮಟ್ಟಿಗೆ ಮುಗಿಯಿತು. ೧೯೯೦ರಲ್ಲಿ ಅವನು ತೀರಿಕೊಂಡ. ನಾಸ್ಕಾರಿನ ಕೀರ್ತಿಭವನದಲ್ಲಿ ಅವನಿಗೆ ಸ್ಥಾನ ದೊರೆತದ್ದು ೨೦೧೫ರಲ್ಲಿ.

ಒಡೆಯ ಸಾರಥಿಯು ಯಾವಾಗಲೂ ಸೋಲಲೇಬೇಕೆಂದು ಇದರಿಂದ ತೀರ್ಮಾನಿಸಬಾರದು. ಅಲನ್ ಕುಲ್ವಿಕಿ ಎಂಬ ಇಂಜಿನಿಯರು ಪ್ರಬಲ ತಂಡವೊಂದರ ಒಡೆಯನಾದ ಜೂನಿಯರ್ ಜಾನ್ಸನ್ನನ ಆಹ್ವಾನವನ್ನು ನಿರಾಕರಿಸಿ, ತನ್ನ ಸಣ್ಣ ತಂಡದಲ್ಲೇ ಉಳಿದು, ೧೯೯೨ರಲ್ಲಿ ಅದೇ ಜಾನ್ಸನ್ನನ ಚಾಲಕನಾಗಿದ್ದ ಬಿಲ್ ಎಲಿಯಟ್‌ನನ್ನು ಕೇವಲ ಹತ್ತು ಅಂಕಗಳ ಅಂತರದಿಂದ ಹಿಂದಿಕ್ಕಿ ವರ್ಷದ ಪ್ರಶಸ್ತಿಯನ್ನು ಗೆದ್ದ. ಮರುವರ್ಷ ಏಪ್ರಿಲ್ ೧ರಂದು ವಿಮಾನಾಪಘಾತದಲ್ಲಿ ಮಡಿದ. ಜನರು ಇಂದಿಗೂ ಅವನನ್ನು ನೆನೆಯುವುದಕ್ಕೆ ಕಾರಣ ಅವನು ಗೆದ್ದನೆಂಬುದಷ್ಟೇ ಅಲ್ಲ. ಅಂತಹ ಗೆಲುವು ಅಪರೂಪವಾಗಿಬಿಟ್ಟಿತ್ತೆಂಬುದು. ಅಪವಾದವನ್ನು ಜನ ಆದರಿಸತೊಡಗಿದರೆಂದರೆ ನಿಯಮವು ಆಗಲೇ ಬದಲಾಗಿತ್ತೆಂದು ತಿಳಿಯಬೇಕು.

೪

ಹೋಲಿಕೆಗೆ ಇನ್ನೊಂದು ನಿದರ್ಶನ ನಮ್ಮ ನಾಡಿನದೇ. ಕರಾವಳಿಯ ಕಂಬಳದಲ್ಲಿ ಕೋಣಗಳ ಯಜಮಾನನೂ ಅವುಗಳ ಹಿಂದೆ ಓಡುವವನೂ ಬೇರೆ ಬೇರೆಯವರಾಗಿರುವುದು ಸಾಮಾನ್ಯ. ಅಲ್ಲಿ ಕೋಣವನ್ನು ಸಾಕುವುದು ಮನೆತನದ ಪ್ರತಿಷ್ಠೆ. ಓಡಿಸುವುದು ವಿಶೇಷವಾದ ದೈಹಿಕ ಕುಶಲತೆ. ೨೦೨೦ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ೧೪೨.೫ ಮೀಟರನ್ನು ೧೩.೬೨ ಸೆಕೆಂಡುಗಳಲ್ಲಿ ಓಡಿದರೆಂಬ ಸುದ್ದಿ ದೇಶಾಂತರಗಳಿಗೂ ಹಬ್ಬಿತು. ಓಟಗಾರನ ಹೆಸರು ಯಜಮಾನನ ಹೆಸರನ್ನು ಮೀರಿ ನಿಂತದ್ದು ನ್ಯಾಯವಾದದ್ದೇ. ಆದ್ದರಿಂದ ಒಡೆತನವನ್ನೂ ಸಾರಥ್ಯವನ್ನೂ ಬೇರ್ಪಡಿಸಿದ ಕೂಡಲೆ ಕಲೆ ಕೆಡುತ್ತದೆಂಬ ವಾದ ನಮ್ಮದಲ್ಲ. ಕಂಬಳವು ಆ ವಿಭಜನೆಯನ್ನು ತನ್ನ ವ್ಯವಸ್ಥೆಯ ಅಂಗವಾಗಿ ಮಾಡಿಕೊಂಡಿದೆ. ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳೂ, ಕಿರಿಯ ಹಿರಿಯ ಎಂಬ ಭೇದಗಳೂ ಅಲ್ಲಿ ಇರುವುದರಿಂದ ಯಾರು ಯಾರೊಡನೆ ಸ್ಪರ್ಧಿಸಬೇಕೆಂಬುದಕ್ಕೆ ಒಂದು ಕ್ರಮವಿದೆ.

ಹಾಸನ ಸೀಮೆಯ ಗಾಡಿಯೋಟದಲ್ಲಿ ನಡೆದದ್ದು ಬೇರೆ. ಇಲ್ಲಿ ವಿಭಜನೆಯು ವ್ಯವಸ್ಥೆಯಾಗಿ ಬರಲಿಲ್ಲ. ಹಣದ ಬಲದಿಂದ ಬಂತು. ಹಲ್ಲಿನ ಲೆಕ್ಕದಿಂದ ಎಳೆಯ ರಾಸುಗಳನ್ನು ಬೇರೆ ಓಡಿಸುವ ಪದ್ಧತಿ ಕೆಲವು ಕಡೆ ಇದ್ದರೂ, ಉಳುವ ಜೋಡಿಯನ್ನೂ ಓಟಕ್ಕೆಂದೇ ಸಾಕಿದ ಜೋಡಿಯನ್ನೂ ಬೇರ್ಪಡಿಸುವ ಕ್ರಮ ನೆಲೆಗೊಂಡಿಲ್ಲ. ಎತ್ತಿನ ವಯಸ್ಸನ್ನು ನಾವು ಅಳೆದೆವು. ಅದರ ಬಾಳನ್ನು ಅಳೆಯಲಿಲ್ಲ.

೫

ಈ ಓಟಗಳು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದ ಕಥೆ ವಾಚಕರಿಗೆ ತಿಳಿದದ್ದೇ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ೧೯೬೦ರ ಅಧಿನಿಯಮದ ಕೆಳಗೆ ಕೇಂದ್ರ ಸರ್ಕಾರವು ೨೦೧೧ರಲ್ಲಿ ಹೋರಿಯನ್ನು ಪ್ರದರ್ಶನಕ್ಕಾಗಿ ಪಳಗಿಸಬಾರದ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ೨೦೧೪ರ ಮೇ ೭ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಗಾಡಿಯೋಟಗಳ ವಿಷಯದಲ್ಲಿ ನೀಡಿದ ತೀರ್ಪು ಇಂತಹ ಪಂದ್ಯಗಳನ್ನು ನಿಷೇಧಿಸಿತು. ಕರ್ನಾಟಕದಲ್ಲಿ ಕಂಬಳಕ್ಕೂ ಎತ್ತಿನ ಗಾಡಿಯೋಟಕ್ಕೂ ಅವಕಾಶ ಮಾಡಿಕೊಡುವ ತಿದ್ದುಪಡಿ ೨೦೧೭ರ ಹೆಸರಿನಲ್ಲಿ ಬಂತು. ೨೦೨೩ರ ಮೇ ೧೮ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು.

ಇವುಗಳನ್ನು ಶಾಸನಜ್ಞರಂತೆ ವಿವೇಚಿಸುವುದು ನಮ್ಮ ಕೆಲಸವಲ್ಲ. ಎರಡು ಪಕ್ಷಗಳ ವಾದದ ರೀತಿಯನ್ನು ಮಾತ್ರ ನೋಡೋಣ. ನಿಷೇಧದ ಪಕ್ಷವು ಪ್ರಾಣಿಯ ಪರವಾಗಿ ಮಾತನಾಡಿತು: ಎತ್ತು ನೋವನ್ನು ಅರಿಯುವ ಜೀವ, ಓಡುವುದು ಅದರ ಸ್ವಭಾವವಲ್ಲ, ಭಯದಿಂದ ಓಡುತ್ತದೆ ಎಂದು. ಈ ಮಾತಿನಲ್ಲಿ ಸತ್ಯವಿದೆ. ಬಾಲ ತಿರುಚುವುದನ್ನೂ ಮೊಳೆಯ ಕೋಲಿನಿಂದ ಚುಚ್ಚುವುದನ್ನೂ ಯಾವ ಪರಂಪರೆಯ ಹೆಸರಿನಲ್ಲಿಯೂ ಸಮರ್ಥಿಸಲಾಗದು. ಅನುಮತಿಯ ಪಕ್ಷವು ಸಂಸ್ಕೃತಿಯ ಪರವಾಗಿಯೂ ದೇಶೀ ತಳಿಗಳ ಉಳಿವಿನ ಪರವಾಗಿಯೂ ಮಾತನಾಡಿತು. ಇದರಲ್ಲಿಯೂ ಸತ್ಯವಿದೆ, ಉಳುಮೆಯಿಂದ ಹೊರಬಿದ್ದ ಹಳ್ಳಿಕಾರ್ ರಾಸನ್ನು ಸಾಕಲು ರೈತನಿಗೆ ಬೇರೊಂದು ಕಾರಣ ಬೇಕಾಗಿದೆ. ಆದರೆ ಪ್ರಾಣಿ ಒಂದು ಕಡೆ, ಸಂಸ್ಕೃತಿ ಇನ್ನೊಂದು ಕಡೆ ನಿಂತ ಈ ವಾದದಲ್ಲಿ ನಡುವೆ ಹಗ್ಗ ಹಿಡಿದು ನಿಂತವನು ಯಾರ ಕಣ್ಣಿಗೂ ಸರಿಯಾಗಿ ಬೀಳಲಿಲ್ಲ. ಎಲ್ಲ ಗಾಡಿಗಳನ್ನೂ ಒಂದೇ ಎಂದು ಬಗೆದು ಒಬ್ಬರು ನಿಷೇಧಿಸಿದರು. ಒಂದೇ ಎಂದು ಬಗೆದು ಇನ್ನೊಬ್ಬರು ಬಿಟ್ಟುಕೊಟ್ಟರು.

ಈ ಸೀಮೆಯ ಸಾಹಿತ್ಯ ಇದಕ್ಕಿಂತ ಹೆಚ್ಚು ಸೂಕ್ಷ್ಮವಾಗಿ ಯೋಚಿಸಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು ೧೯೬೮ರ 'ತಬ್ಬಲಿಯು ನೀನಾದೆ ಮಗನೆ' ಕಾದಂಬರಿಯಲ್ಲಿ ಗೋವನ್ನು ಪೂಜ್ಯವೆಂದು ಕಾಣುವ ಹಿರಿಯ ತಲೆಮಾರನ್ನೂ, ಅಮೆರಿಕದಲ್ಲಿ ಕಲಿತು ಬಂದು ಅದನ್ನು ಆದಾಯದ ಸಾಧನವೆಂದು ಕಾಣುವ ಮೊಮ್ಮಗನನ್ನೂ ಎದುರುಬದುರಾಗಿ ನಿಲ್ಲಿಸಿದರು. ಪೂಜೆ, ಲೆಕ್ಕ ಎಂಬ ಆ ಎರಡು ದೃಷ್ಟಿಗಳೂ ಹಸುವಿನ ಸುತ್ತ ಹೆಣೆದವು. ಎತ್ತಿನೊಡನೆ ರೈತನಿಗಿದ್ದ ಸಂಬಂಧ ಇವೆರಡಕ್ಕೂ ಪೂರ್ತಿಯಾಗಿ ಸೇರುವುದಿಲ್ಲ. ಅದು ಒಂದೇ ದುಡಿಮೆಯಲ್ಲಿ ಕೂಡಿ ಬೆವರಿದವರ ಸಂಬಂಧ. ಒಡೆಯ ಸಾರಥಿಯ ಓಟ ಆ ಮೂರನೆಯ ಸಂಬಂಧದ ಪ್ರದರ್ಶನವಾಗಿತ್ತು.

೬

ನಮ್ಮ ವಾದಕ್ಕೆ ಎರಡು ಆಕ್ಷೇಪಗಳಿವೆ. ಅವನ್ನು ಮುಚ್ಚಿಟ್ಟು ಮುಂದುವರಿಯುವುದು ಸರಿಯಲ್ಲ.

ಮೊದಲನೆಯದು: ಒಡೆತನವೇ ಕರುಣೆಗೆ ಆಧಾರವೆಂಬುದು ನಿಜವೇ? ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೯೦೨ರಲ್ಲಿ 'ಎಪಿಗ್ರಾಫಿಯ ಕರ್ಣಾಟಿಕ'ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ನಮ್ಮ ನಾಡಿನ ವೀರಗಲ್ಲುಗಳಲ್ಲಿ ತುರುಗೊಳ್ಳಿನಲ್ಲಿ ಕಾದಿ ಮಡಿದವರನ್ನು ಸ್ಮರಿಸುವವು ಹೇರಳವಾಗಿವೆ. ಹಾಗೆ ಮಡಿದವನು ತನ್ನ ದನಕ್ಕಾಗಿ ಮಾತ್ರ ಮಡಿದವನಲ್ಲ. ಊರಿನ ದನಕ್ಕಾಗಿ, ಒಡೆಯನ ದನಕ್ಕಾಗಿ ಪ್ರಾಣ ಕೊಟ್ಟವರೂ ಉಂಟು. ಮತ್ತೊಂದು ಕಡೆ, ಕಾರಂತರ 'ಚೋಮನ ದುಡಿ'ಯ ಚೋಮನಿಗೆ ಜೋಡೆತ್ತು ಇತ್ತು, ಉಳಲು ನೆಲವಿರಲಿಲ್ಲ. ಜಾತಿಯ ಕಟ್ಟು ಅವನಿಗೆ ನೆಲವನ್ನು ನಿರಾಕರಿಸಿತು. ಎತ್ತಿನ ಒಡೆತನ ಅವನನ್ನು ಒಕ್ಕಲಿಗನನ್ನಾಗಿ ಮಾಡಲಿಲ್ಲ. ಕೊನೆಗೆ ಅವನು ಎತ್ತುಗಳನ್ನು ಕಾಡಿಗೆ ಬಿಟ್ಟ. ಆದ್ದರಿಂದ ಕಾಗದದ ಮೇಲಿನ ಒಡೆತನವನ್ನು ನಾವು ಮೌಲ್ಯವೆಂದು ಎಣಿಸಲಾಗದು. ನಮ್ಮ ಮಾತನ್ನು ಹೀಗೆ ತಿದ್ದಿಕೊಳ್ಳುತ್ತೇವೆ: ಮುಖ್ಯವಾದದ್ದು ಸಾಕಣೆ. ಒಡೆಯನಾಗಲಿ, ಆಳಾಗಲಿ, ವರ್ಷವಿಡೀ ಮೇವು ಹಾಕಿದ ಕೈ ಕಣದಲ್ಲಿಯೂ ಹಗ್ಗ ಹಿಡಿಯಬೇಕು. ಬಡ ರೈತನ ವಿಷಯದಲ್ಲಿ ಒಡೆಯನೂ ಸಾಕುವವನೂ ಒಬ್ಬನೇ ಆಗಿರುವುದರಿಂದ ಈ ಗುಣ ಅವನಲ್ಲಿ ಸಹಜವಾಗಿ ಕಾಣುತ್ತದೆ.

ಎರಡನೆಯದು ಇನ್ನೂ ತೀಕ್ಷ್ಣವಾದದ್ದು: ಬಡವನೇ ಹೆಚ್ಚು ಕ್ರೂರನಾಗಬಹುದಲ್ಲವೆ? ಸಾಲ ಮಾಡಿ ಹಿಂಡಿ ತಂದವನಿಗೆ ಬಹುಮಾನದ ಆಸೆ ಹಣವಂತನಿಗಿಂತ ಹೆಚ್ಚು; ಆಸೆ ಹೆಚ್ಚಿದಂತೆ ಕೋಲಿನ ಬಿರುಸೂ ಹೆಚ್ಚೀತು. ಇದು ಸುಳ್ಳಲ್ಲ. ಬಹುಮಾನ ಚಿಕ್ಕದಾಗಿದ್ದಾಗ, ಎದುರಾಳಿಯೂ ತನ್ನಂಥವನೇ ಆಗಿದ್ದಾಗ, ಅವನ ಸಂಯಮಕ್ಕೆ ಬೆಲೆಯಿತ್ತು. ಎತ್ತನ್ನು ಉಳಿಸಿಕೊಂಡು ಓಡಿಸಿದರೂ ಗೆಲ್ಲುವ ಸಂಭವವಿತ್ತು. ಇಂದಿನ ಕಣದಲ್ಲಿ ಉಳಿಸಿಕೊಂಡು ಓಡಿಸಿದವನು ಸೋಲುವುದು ನಿಶ್ಚಿತ. ಯಾವ ಗುಣ ಈ ಓಟವನ್ನು ಸಹ್ಯವನ್ನಾಗಿ ಮಾಡುತ್ತದೆಯೋ ಅದೇ ಗುಣ ಅವನ ಸೋಲಿಗೆ ಕಾರಣವಾಗಿದೆ. ಸ್ಕಾಟನ ೪೯೫ ಪಂದ್ಯಗಳ ಪಾಠವೂ ಇದೇ ತಾನೆ? ಹೀಗಿರುವಾಗ ಅವನ ಮುಂದೆ ಎರಡೇ ದಾರಿ: ಸಂಯಮವನ್ನು ಬಿಟ್ಟು ಇತರರಂತೆ ಹೊಡೆಯುವುದು, ಇಲ್ಲವೆ ಕಣವನ್ನೇ ಬಿಟ್ಟು ಹೋಗುವುದು. ಎರಡರಲ್ಲಿ ಯಾವುದಾದರೂ ಓಟಕ್ಕೆ ನಷ್ಟವೇ. ಮೊದಲನೆಯ ದಾರಿಯಲ್ಲಿ ೨೦೧೪ರ ತೀರ್ಪಿನ ಆಕ್ಷೇಪ ಮತ್ತೆ ಬಲಗೊಳ್ಳುತ್ತದೆ. ಎರಡನೆಯದರಲ್ಲಿ ೨೦೧೭ರ ತಿದ್ದುಪಡಿ ಕಾಪಾಡಹೊರಟ ಸಂಸ್ಕೃತಿಯ ಹೆಸರಷ್ಟೇ ಉಳಿಯುತ್ತದೆ.

೭

ಮೇಲಿನ ವಿವೇಚನೆಯಿಂದ ನಮ್ಮ ಅಭಿಪ್ರಾಯ ಇಷ್ಟು. ಈ ಓಟವನ್ನು ಅಳೆಯುವುದಕ್ಕೆ ವೇಗ ಒಂದೇ ಮಾನದಂಡವಾಗಲಾರದು. ಮರುದಿನದ ಬೆಳಗ್ಗೆಯೇ ಸರಿಯಾದ ಮಾನದಂಡ: ನಿನ್ನೆ ಓಡಿದ ಎತ್ತು ಇಂದು ಅದೇ ಕೈಯಿಂದ ಅಂಜಿಕೆಯಿಲ್ಲದೆ ಹುಲ್ಲು ತಿನ್ನುತ್ತದೆಯೇ? ತಿನ್ನುವುದಾದರೆ ಆ ಓಟ ಬೇಸಾಯದ ಬಾಳಿನಿಂದ ಹುಟ್ಟಿದ ಕಲೆ. ಇಲ್ಲವಾದರೆ ಅದನ್ನು ಸಮರ್ಥಿಸಲು ಪರಂಪರೆಯ ಯಾವ ಮಾತೂ ಸಾಲದು, ಅಂತಹ ಓಟ ನಿಲ್ಲುವುದೇ ಲೇಸು.

ಈ ಮಾನದಂಡವನ್ನು ಒಪ್ಪುವ ವ್ಯವಸ್ಥಾಪಕರು ಮಾಡಬಹುದಾದ ಕೆಲಸಗಳು ಕಷ್ಟವಾದವೇನಲ್ಲ. ಕಂಬಳದ ನೇಗಿಲು ಮತ್ತು ಹಗ್ಗದ ವಿಭಾಗಗಳಂತೆ, ದುಡಿಯುವ ಜೋಡಿಗಳಿಗೆಂದು ಬೇರೆ ವಿಭಾಗವಿಡಬಹುದು. ಸಾಕಿದವನೇ ನಡೆಸಬೇಕೆಂಬುದು ಅದರ ನಿಯಮವಾಗಲಿ. ಆ ವಿಭಾಗದ ಬಹುಮಾನ ಬೈಕಿನ ಬದಲು ಒಂದು ವರ್ಷದ ಮೇವಾಗಲಿ, ಒಂದು ಹೊಸ ಗಾಡಿಯಾಗಲಿ. ಕೋಲಿಲ್ಲದೆ ಓಡಿಸಿದ ಜೋಡಿಗೆ ಮೊದಲ ಮರ್ಯಾದೆ ಸಲ್ಲಲಿ. ಕಣದಲ್ಲಿ ಹೆಸರು ಕೂಗುವಾಗ ಹಣ ಕೊಟ್ಟವನ ಹೆಸರಿನೊಡನೆ ಮೇವು ಹಾಕಿದವನ ಹೆಸರನ್ನೂ ಎರಡೂ ಎತ್ತುಗಳ ಹೆಸರನ್ನೂ ಕೂಗಲಿ. ಕಣದ ಬದಿಯ ಹಿರಿಯರ ಗುಣಜ್ಞಾನವನ್ನು ತೀರ್ಪಿನಲ್ಲಿ ಬಳಸಿಕೊಳ್ಳುವುದೂ ಉಚಿತ. ನೇರವಾಗಿ, ಹೆಜ್ಜೆ ಹೊಂದಿ ಹೋದ ಗಾಡಿಗೆ ಅವರು ಕೊಡುವ ಮೆಚ್ಚುಗೆಗೆ ಗಡಿಯಾರದ ಲೆಕ್ಕದ ಪಕ್ಕದಲ್ಲಿ ಒಂದಿಷ್ಟು ಸ್ಥಾನ ದೊರೆಯಬೇಕು.

ವಿದ್ಯಾರ್ಥಿಗಳಿಗೂ ಇಲ್ಲಿ ಮಾಡಬೇಕಾದ ಕೆಲಸವಿದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಗಾಡಿಯ ಭಾಗಗಳಿಗೆ, ರಾಸಿನ ಸುಳಿಗಳಿಗೆ, ನಡೆಯ ಬಗೆಗಳಿಗೆ, ಕೂಗಿನ ಪದಗಳಿಗೆ ಇರುವ ಮಾತುಗಳು ಜೋಡೆತ್ತಿನ ಒಡೆಯರೊಡನೆ ಮರೆಯಾಗುತ್ತಿವೆ. ಅವರು ಇನ್ನೂ ಬದುಕಿರುವಾಗಲೇ, ಅವರ ಕೊಟ್ಟಿಗೆಯಲ್ಲಿ ಕುಳಿತು, ಆ ಮಾತುಗಳನ್ನು ಬರೆದಿಟ್ಟುಕೊಳ್ಳುವುದು ಆವಶ್ಯಕ. ಮೊದಲ ಸುತ್ತಿನಲ್ಲಿ ಸೋತು ಎತ್ತಿನ ಬೆನ್ನು ಸವರುತ್ತ ಊರಿಗೆ ಹಿಂದಿರುಗುವವನನ್ನು ಹುಡುಕಿಕೊಂಡು ಹೋದರೆ, ಗೆದ್ದವನ ಬಳಿ ದೊರೆಯದ ಎಷ್ಟೋ ವಿಷಯಗಳು ಅವನಲ್ಲಿ ದೊರೆತಾವು.